ಬೆಂಕಿಗೆ ಬಿಟ್ಟ ಹಸು

೧೯೬೩ನೆಯ ಇಸವಿ ಮಾರ್ಚ್ ತಿಂಗಳ ೧೨ನೆಯ ತಾರೀಖು, ಮಂಗಳವಾರ. ನಮ್ಮ ಕಡೆ ವರ್ಷಕ್ಕೆ ಎರಡು ಮಳೆಗಾಲ; ಅವುಗಳಲ್ಲಿ ದೊಡ್ಡದು ಆಗತಾನೆ ಕಾಲಿಟ್ಟಿತ್ತು. ಬೆಳಗಿನಿಂದ ಕವಿದಿದ್ದ ಮೋಡ ಮಧ್ಯಾಹ್ನ ಒಡೆದು ದನಗಾಹಿಗಳ ಸೀಮೆಯಾದ ನ್ಯಬುಶೋಜಿಯ ಗುಡ್ಡಗಳ ಮೇಲೆ ಆಲಿಕಲ್ಲು ಸುರಿಯಿತು. ಅಂದು ಸಂಜೆ ಕಜೂರನೆಂಬ ದನಗಾರ ತನ್ನ ಹಸುಗಳನ್ನು ಹಟ್ಟಿಯೊಳಗೆ ಕೂಡಿ, ಬಾಗಿಲಿಗೆ ಅಡ್ಡಲಾಗಿ ಮುಳ್ಳುಕಂಟಿಯನ್ನು ಎಳೆಯಲು ಬಗ್ಗಿದವನು ಮೇಲೇಳಲಾರದೆ ಅಲ್ಲಿಯೇ ಕುಳಿತುಬಿಟ್ಟ. ಇದು ಏಪ್ರಿಲ್ ತಿಂಗಳಲ್ಲಿ ನಡೆಯಿತೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಆ ವರ್ಷ ಏಪ್ರಿಲ್‌ನಲ್ಲಿ ಆಲಿಕಲ್ಲು ಬೀಳಲೇ ಇಲ್ಲ.

ಅವನನ್ನು ಎಬ್ಬಿಸಿ ಒಳಗೆ ಕರೆದೊಯ್ದವಳು ಹೆಂಡತಿ ಕೆನ್ಯಾಂಗಿ. ಈ ಬರಹ ಅವಳನ್ನು ಕುರಿತದ್ದು. ಅವಳು ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಮದುವೆಯಾದದ್ದು ಮಾತ್ರ ೧೯೪೬ನೆಯ ಇಸವಿಯ ಜುಲೈ ತಿಂಗಳಲ್ಲಿ. ಆ ಹದಿನೇಳು ವರ್ಷಗಳಲ್ಲಿ ಮೂರು ಸಲ ಅವಳ ಬಸಿರು ನಿಂತು, ಮೂರು ಸಲವೂ ಇಳಿದುಹೋಗಿತ್ತು. ಮನೆಯಲ್ಲಿ ಮಕ್ಕಳಿರಲಿಲ್ಲ. ಹಾಲಿನ ಮರದ ಕೊಡಗಳನ್ನು ಸುವಾಸನೆಯ ಹುಲ್ಲಿನ ಹೊಗೆಗೆ ಹಿಡಿದು ಹದಮಾಡುವುದರಲ್ಲಿ ಆ ಗುಡ್ಡದ ಹೆಂಗಸರಲ್ಲೆಲ್ಲ ಅವಳೇ ಮೊದಲಿಗಳು. ಅವಳ ಕೊಡದ ಹಾಲು ಕುಡಿದ ಅತಿಥಿಗಳು ಮೂಗನ್ನು ಒಂದು ಗಳಿಗೆ ಕೊಡದ ಬಾಯಲ್ಲಿಯೇ ಇಟ್ಟುಕೊಂಡು ಕೂರುತ್ತಿದ್ದರು.

ಕಜೂರನ ಜ್ವರ ವಿಚಿತ್ರವಾಗಿತ್ತು. ಬರುವುದು, ಬೆವರಿಳಿಸಿ ಹೋಗುವುದು, ಹೋಯಿತೆಂದು ನಂಬುವಷ್ಟರಲ್ಲಿ ತಿರುಗಿ ಬರುವುದು. ಸೊಂಟದ ಮೂಳೆಯೊಳಗೆ ಯಾರೋ ಗೂಟ ಹೊಡೆದಂತೆ ನೋವು. ಏಪ್ರಿಲ್ ೮ನೆಯ ತಾರೀಖು, ಸೋಮವಾರ, ಕೆನ್ಯಾಂಗಿ ಅವನನ್ನು ಸರ್ಕಾರಿ ಔಷಧಾಲಯಕ್ಕೆ ಎರಡನೆಯ ಸಲ ಕರೆದೊಯ್ದಳು. ಮೊದಲ ಸಲ ತೆಗೆದ ರಕ್ತ ಎಂಬರಾರ ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದಿತ್ತು. ಔಷಧಾಲಯದ ಕಾಂಪೌಂಡರ್ ಬೈಂಗಾನ ಒಕ್ಕಲು ಮನೆತನದವನು. ಹೊಲ ಉತ್ತು ರಾಗಿ ತಿನ್ನುವ ಜನ.

"ಮಾಲ್ಟಾ ಜ್ವರ ಅಂತಾರೆ ಇದಕ್ಕೆ. ದನಕ್ಕೆ ಬಂದ್ರೆ ಕಂದು ಹಾಕುತ್ತೆ, ದಿನ ತುಂಬದ ಕರು ಬಿದ್ದುಹೋಗುತ್ತೆ. ಮನುಷ್ಯನಿಗೆ ಬಂದ್ರೆ ಹೀಗೆ, ಹೋಗಿ ಹೋಗಿ ಬರುತ್ತೆ," ಎಂದ ಬೈಂಗಾನ. "ಹಾಲಿನಿಂದ ಅಂಟಿದೆ. ಮಾತ್ರೆ ಕೊಡ್ತೀನಿ. ಆದ್ರೆ ಇನ್ನು ಮುಂದೆ ಹಾಲು ಕಾಯಿಸಿ ಕುಡೀಬೇಕು."

ಕಜೂರ ಹೆಂಡತಿಯ ಕಡೆ ತಿರುಗಿದ. "ರಾಗಿ ತಿನ್ನೋ ಬಾಯಿ ಹಾಲಿನ ವಿಷಯ ಮಾತಾಡ್ತಿದೆ, ಕೇಳಿಸ್ಕೊಂಡ್ಯಾ?"

"ನಿಮ್ಮ ರಕ್ತ ನೋಡಿದ್ದು ನಾನಲ್ಲ ಯಜಮಾನ್ರೆ, ಎಂಬರಾರದವರು. ಅವರ್ಯಾರೂ ರಾಗಿ ತಿನ್ನಲ್ಲ."

"ಮಾತ್ರೆ ಎಷ್ಟು ಬೇಕಾದ್ರೂ ನುಂಗ್ತೀನಿ. ಕಹಿ ಬೇರು ನುಂಗಿಲ್ವಾ, ಇದೂ ಹಾಗೇ. ಕಾಯಿಸೋ ಮಾತು ಮಾತ್ರ ಎತ್ತಬೇಡ."

"ಜೀವಕ್ಕಿಂತ ಹೆಚ್ಚಾ?"

"ಹಸು ಬತ್ತಿಹೋದ ಮೇಲೆ ನಾನು ಗಟ್ಟಿಮುಟ್ಟಾಗಿ ಯಾರ ಮುಂದೆ ಹೋಗಿ ನಿಂತ್ಕೊಳ್ಲಯ್ಯ?"

ಅವನ ಮಾತಿನಲ್ಲಿ ಹಟವೇನೂ ಇರಲಿಲ್ಲ. ಹಾಲನ್ನು ಬೆಂಕಿಗಿಡುವುದೆಂದರೆ ಕೆಚ್ಚಲನ್ನೇ ಬೆಂಕಿಗಿಟ್ಟಂತೆ; ಕರು ಸಾಯುತ್ತದೆ, ಮೊಲೆ ಬಿರಿಯುತ್ತದೆ, ಹಟ್ಟಿಯೇ ಬತ್ತುತ್ತದೆ. ಇದನ್ನು ನಮ್ಮಲ್ಲಿ ಯಾರೂ ಕಲಿಸಬೇಕಾಗಿಲ್ಲ. ಕೆನ್ಯಾಂಗಿಗೂ ಇದು ಗೊತ್ತಿತ್ತು. ಅವನು ಹೊರಗೆ ಹೋಗಿ ಮರದ ಕೆಳಗೆ ಕುಳಿತ ಮೇಲೆ ಅವಳು ಬೈಂಗಾನನನ್ನು ಕೇಳಿದಳು: "ಕಾಯಿಸದೆ ಹೋದ್ರೆ?"

"ಮಾತ್ರೆಯಿಂದ ಇಳಿಯುತ್ತೆ, ಹಾಲಿನಿಂದ ತಿರುಗಿ ಏರುತ್ತೆ. ಕೊನೆಗೆ ಬೆನ್ನಿಗೋ ಹೃದಯಕ್ಕೋ ಹೋಗಿ ಕೂರುತ್ತೆ. ನಿಮ್ಮ ಬಸಿರು ಇಳೀತಿದ್ದದ್ದೂ ಇದರಿಂದಲೇ ಇರಬಹುದು ತಾಯಿ."

"ಅದನ್ನ ಮಾತ್ರ ಯಾರ ಹತ್ರಾನೂ ಹೇಳಬೇಡಪ್ಪ," ಎಂದಳು ಕೆನ್ಯಾಂಗಿ. ಮನೆಗೆ ಹೋಗುವಾಗ ಅವನಿಂದ ಖಾಲಿಯಾದ ಒಂದು ತಗಡಿನ ಡಬ್ಬ ಕೇಳಿ ಸೆರಗಿನೊಳಗೆ ಇಟ್ಟುಕೊಂಡಳು.

ಅಂದಿನಿಂದ ಅವಳು ಗಂಡನ ಪಾಲಿನ ಹಾಲನ್ನು ಆ ಡಬ್ಬದಲ್ಲಿ ಗುಟ್ಟಾಗಿ ಕಾಯಿಸಿ, ಆರಿಸಿ, ಹೊಗೆ ಹಿಡಿದ ಕೊಡಕ್ಕೆ ಸುರಿದು ಕೊಡತೊಡಗಿದಳು. ಹೊಗೆಯ ಘಮ ಎಲ್ಲವನ್ನೂ ಮುಚ್ಚಿತು. ಒಂದು ದಿನ ಮಾತ್ರ ಹಾಲು ಉಕ್ಕಿ ಒಲೆಗೆ ಸುರಿಯಿತು. ಪಕ್ಕದ ಗುಡಿಸಲಿನಲ್ಲಿದ್ದ ಮೈದುನನ ಹೆಂಡತಿ ಕೆಬಿರುಂಗಿ ಮೂಗು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಅಕ್ಕಾ, ಯಾರ ಕೂದಲಿಗೆ ಬೆಂಕಿ ಹತ್ತಿತು?"

"ನಂದೇ ಕಣೆ. ಒಲೆ ಊದೋಕೆ ಹೋಗಿದ್ದೆ."

ಕೆಬಿರುಂಗಿ ನಂಬಿದಳು. ಉಕ್ಕಿದ ಹಾಲಿನ ವಾಸನೆ ಹೇಗಿರುತ್ತದೆಂಬುದು ಆ ಹಟ್ಟಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೆನ್ಯಾಂಗಿ ಮರುದಿನ ಬೆಳಿಗ್ಗೆ ಹಣೆಯ ಮೇಲಿನ ಒಂದು ಹಿಡಿ ಕೂದಲನ್ನು ತಾನೇ ಸುಟ್ಟುಕೊಂಡಳು.

ಮೇ ತಿಂಗಳು ಮುಗಿಯುವ ಹೊತ್ತಿಗೆ ಕಜೂರ ಎದ್ದು ಓಡಾಡಿದ. ಸಂಜೆ ಹಸುಗಳು ಬಂದಾಗ ಹಟ್ಟಿಯ ನಡುವೆ ನಿಂತು, ವಾಡಿಕೆಯಂತೆ ಒಂದೊಂದು ಹಸುವಿನ ಹೆಸರನ್ನೂ ಅದರ ಕೊಂಬಿನ ಚೆಲುವನ್ನೂ ಎತ್ತಿ ಹಾಡಿದ. ಆ ಹಾಡಿನಲ್ಲಿ ಎಲ್ಲಕ್ಕಿಂತ ಉದ್ದದ ಪಾಲು ಬಿಹೋಗೊ ಎಂಬ ಕಡುಗೆಂಪು ಹಸುವಿನದು. ಗುಡಿಸಲಿನ ಬಾಗಿಲಲ್ಲಿ ಕುಳಿತು ಕೇಳುತ್ತಿದ್ದ ಕೆನ್ಯಾಂಗಿಗೆ ತಾನು ಮಾಡಿದ್ದು ತಪ್ಪೆಂದು ಆಗ ಅನಿಸಲಿಲ್ಲ.

ಜೂನ್ ೧೮ನೆಯ ತಾರೀಖು, ಮಂಗಳವಾರ, ಹಟ್ಟಿಯ ಒಂದು ಹಸು ಕಂದು ಹಾಕಿತು. ಗುರುವಾರ ಇನ್ನೆರಡು. ಇಪ್ಪತ್ತೆರಡನೆಯ ತಾರೀಖು, ಶನಿವಾರ, ಹಿರಿಯರು ಹಟ್ಟಿಯ ಬೇಲಿಯ ಹೊರಗೆ ಕುಳಿತರು. ಹೀಗೆ ಮೂರು ಕರು ಹೋಗಬೇಕಾದರೆ ಮನೆಯೊಳಗೆ ಯಾರೋ ಹಾಲಿಗೆ ಅಪಚಾರ ಮಾಡಿರಲೇಬೇಕು. ಕೆಬಿರುಂಗಿ ಸಂತೆಯಲ್ಲಿ ಒಕ್ಕಲು ಹೆಂಗಸೊಬ್ಬಳು ಕೊಟ್ಟ ಬೇಯಿಸಿದ ಹುರುಳಿಕಾಯಿ ತಿಂದು ಅದೇ ದಿನ ಹಾಲು ಕುಡಿದಿದ್ದಳೆಂಬ ಸುದ್ದಿ ಎದ್ದಿತ್ತು. ಹೊಲದ ಬೆಳೆ ತಿಂದವರು ಅದು ಮೈಯಿಂದ ಕಳೆಯುವತನಕ ಹಾಲು ಮುಟ್ಟುವಂತಿಲ್ಲ. ಅವಳ ಗಂಡ, ಕಜೂರನ ತಮ್ಮ ರುತಾರೊ, ತಲೆ ತಗ್ಗಿಸಿ ನಿಂತಿದ್ದ. ಹೆಂಡತಿಯನ್ನು ತವರಿಗೆ ಅಟ್ಟಬೇಕಾಗುವುದೆಂದು ಅವನಿಗೆ ಗೊತ್ತಾಗಿತ್ತು. ಕೆಬಿರುಂಗಿ ಆಗ ಏಳು ತಿಂಗಳ ಬಸುರಿ.

"ಅವಳನ್ನ ಬಿಡಿ," ಎಂದಳು ಕೆನ್ಯಾಂಗಿ. "ನಾನು ಕಾಯಿಸಿದೆ."

"ಏನನ್ನ?" ಎಂದರು ಹಿರಿಯರೊಬ್ಬರು.

"ಹಾಲನ್ನ."

ರುತಾರೊ ಮಗುವಿನಂತೆ ಕೇಳಿದ: "ಕಾಯಿಸಿದ್ದು ಅಂದ್ರೆ... ಬೆಂಕಿ ಮೇಲಾ ಅತ್ತಿಗೆ?"

"ಬೆಂಕಿ ಮೇಲೆ."

"ಉಕ್ಕಿತಾ?"

"ಒಂದು ಸಲ."

ಕಜೂರ ಎದ್ದು ಬೇಲಿಯಾಚೆ ಹೋಗಿ ಕುಳಿತ. ಎರಡು ತಿಂಗಳಿಂದ ತಾನು ಕುಡಿದದ್ದು ಏನೆಂಬುದು ಅವನಿಗೂ ಆಗಲೇ ತಿಳಿದದ್ದು.

ಸುದ್ದಿ ಕೇಳಿ ಬೈಂಗಾನ ಮರುದಿನ ಸೈಕಲ್ಲಿನಲ್ಲಿ ಬಂದ. ಬೇನೆ ಹಸುಗಳಲ್ಲಿ ಮೊದಲೇ ಇತ್ತು, ಅಲ್ಲಿಂದಲೇ ಕಜೂರನಿಗೆ ಅಂಟಿತು, ಹಾಲು ಕಾಯಿಸಿದ್ದಕ್ಕೂ ಕರು ಹೋದದ್ದಕ್ಕೂ ಸಂಬಂಧವಿಲ್ಲವೆಂದು ಹೇಳಿದ. ಹಿರಿಯರು ಅವನಿಗೆ ಮರ್ಯಾದೆಯಿಂದ ನೆರಳಿನಲ್ಲಿ ಜಾಗ ಕೊಟ್ಟು, ಅವನು ಹೇಳಿದ್ದನ್ನೆಲ್ಲ ಕೇಳಿ, ಅವನು ಹೋದ ಮೇಲೆ ತಮ್ಮ ತೀರ್ಮಾನವನ್ನು ಹೇಳಿದರು. ಅವರು ಕ್ರೂರಿಗಳಾಗಿರಲಿಲ್ಲ. ಒಂದು ಹಸುವನ್ನು ಬೆಂಕಿಗೆ ಬಿಟ್ಟುಕೊಡುವುದು. ಅದರ ಹೆಸರನ್ನು ತೆಗೆದುಹಾಕುವುದು. ಹೆಸರು ಹೋದ ಮೇಲೆ ಅದು ಈ ಹಟ್ಟಿಯದಲ್ಲ, ಆದ್ದರಿಂದ ಅದರ ಹಾಲನ್ನು ಕಾಯಿಸಿದರೂ ಈ ಹಸುಗಳಿಗೆ ತಟ್ಟುವುದಿಲ್ಲ. ಕೆನ್ಯಾಂಗಿ ಆ ಹಸುವಿನೊಡನೆ ಜೌಗಿನ ಆಚೆಯ ಗುಡ್ಡದಲ್ಲಿ ಇರತಕ್ಕದ್ದು.

ಅಂಥ ಹಸುವೆಂದರೆ ಮುದಿಯದೋ ಕುಂಟಿದ್ದೋ ಇರಬೇಕೆಂದು ಎಲ್ಲರೂ ಎಣಿಸಿದ್ದರು. ಕಜೂರ ಹಟ್ಟಿಯೊಳಗೆ ಹೋಗಿ ಬಿಹೋಗೊವನ್ನು ಹೊರಗೆ ಹೊಡೆದುಕೊಂಡು ಬಂದ.

"ಅಣ್ಣ, ನಿನಗೆ ಬುದ್ಧಿ ಇದೆಯಾ?" ಎಂದ ರುತಾರೊ.

"ಹಾಲು ಕೊಡೋ ಹಸು ತಾನೆ ಹಾಲಿಗೆ ಬೇಕಾಗೋದು?" ಎಂದ ಕಜೂರ.

ಅವಳಿಗೆ ಗುಡಿಸಲು ಕಟ್ಟಿಕೊಟ್ಟವನು ರುತಾರೊ. ಜೌಗಿನಲ್ಲಿ ಬೆಳೆದ ಆಪುಹುಲ್ಲಿನ ಮೇಲಿಂದ ಎರಡೂ ಗುಡ್ಡಗಳು ಒಂದಕ್ಕೊಂದು ಕಾಣಿಸುತ್ತವೆ, ಕೂಗಿದರೆ ಕೇಳಿಸುವುದಿಲ್ಲ. ಹೆಂಗಸು ಹಸುವಿನ ಕೆಚ್ಚಲಿಗೆ ಕೈಹಾಕುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಆ ಗುಡ್ಡದ ಮೇಲೆ ಕರೆಯಲು ಬೇರೆ ಯಾರಿದ್ದರು? ಒಂದು ಕಟ್ಟಳೆ ಮುರಿದವಳು ಎರಡನೆಯದನ್ನೂ ಮುರಿದಳು. ಮೊದಮೊದಲು ಹಸು ತೊರೆಬಿಡಲಿಲ್ಲ, ಹಾಲನ್ನು ಕೆಚ್ಚಲಲ್ಲೇ ತಡೆದುಕೊಂಡಿತು. ಹೆಸರು ಹಿಡಿದು ಕರೆದರೆ ಬಿಡುತ್ತಿತ್ತೋ ಏನೋ, ಕರೆಯುವಂತಿರಲಿಲ್ಲ. ಅವಳು "ಏಯ್" ಎನ್ನುತ್ತಿದ್ದಳು. ಹಸುವೂ ಆಮೇಲೆ ಅದಕ್ಕೆ ಒಗ್ಗಿಕೊಂಡಿತು.

ಕೊಡಗಳಿಗೆ ಹೊಗೆ ಹಿಡಿಯುವುದನ್ನು ಅವಳು ಬಿಡಲಿಲ್ಲ. ಕುಡಿಯಲು ಬರುವವರು ಯಾರೂ ಇರಲಿಲ್ಲ. ಸಂಜೆ ಎದುರು ಗುಡ್ಡದಲ್ಲಿ ಹಸುಗಳು ಇಳಿದು ಬರುವಾಗ ಬಾಗಿಲಲ್ಲಿ ನಿಂತು, ಅವುಗಳ ಹಿಂದೆ ನಡೆಯುವವನು ನೆಟ್ಟಗಿದ್ದಾನೋ ಬಾಗಿದ್ದಾನೋ ನೋಡುತ್ತಿದ್ದಳು. ಬೇರೆ ಕೆಲಸವಿರಲಿಲ್ಲ. ತನ್ನ ದನಿ ತನಗೇ ಮರೆತುಹೋದೀತೆಂದು ಕೆಲವು ದಿನ ಒಲೆಯೊಡನೆ ಮಾತನಾಡಿದಳಂತೆ.

ವರ್ಷಕ್ಕೊಮ್ಮೆ ಆ ಕಡೆಯ ಗೂಳಿ "ದಾರಿ ತಪ್ಪಿ" ಈ ಗುಡ್ಡಕ್ಕೆ ಬರುತ್ತಿತ್ತು. ಅದನ್ನು ಹುಡುಕಿಕೊಂಡು ರುತಾರೊ ಮೂರನೆಯ ದಿನ ಬರುವನು.

"ಅಯ್ಯೋ ಹಾಳಾದ್ದೆ, ಇಲ್ಲಿದ್ದೀಯಾ? ಊರೆಲ್ಲ ಹುಡುಕಿ ಕಾಲು ಸವೆದು ಹೋಯ್ತಲ್ಲ!"

"ನಿಮ್ಮ ಗೂಳಿ ಜೌಗು ದಾಟೋವಾಗ ಕಾಲಿಗೂ ಕೆಸರು ಮಾಡ್ಕೊಳ್ಳಲ್ವಾ ರುತಾರೊ?" ಎನ್ನುತ್ತಿದ್ದಳು ಅವಳು. "ಯಾರೋ ಕಟ್ಟೆ ದಾರಿಲಿ ಕೈ ಹಿಡಿದು ಕರ್ಕೊಂಡು ಬಂದ ಹಾಗಿದೆ."

"ಬಲು ಜಾಣ ಗೂಳಿ, ಅತ್ತಿಗೆ."

ಅವನಿಂದಲೇ ಅವಳಿಗೆ ಸುದ್ದಿ. ಕಜೂರ ಸಂಜೆಯ ಹಾಡಿನಲ್ಲಿ ಬಿಹೋಗೊವಿನ ಜಾಗ ಬಂದಾಗ ಬೇರೆ ಹಸುವಿಗೆ ಹಾರುವುದಿಲ್ಲ; ಆ ಪಾಲು ಮುಗಿಯುವಷ್ಟು ಹೊತ್ತು ಬಾಯಿ ಮುಚ್ಚಿ ನಿಂತು, ಆಮೇಲೆ ಮುಂದುವರಿಸುತ್ತಾನೆ. ಹಟ್ಟಿಯ ಹುಡುಗರು "ದೊಡ್ಡಪ್ಪನಿಗೆ ಅಲ್ಲೊಂದು ಹಲ್ಲು ಬಿದ್ದಿದೆ" ಎಂದು ನಗುತ್ತಾರೆ.

೧೯೬೫ನೆಯ ಇಸವಿ ಫೆಬ್ರವರಿ ೧ನೆಯ ತಾರೀಖು, ಸೋಮವಾರ, ರುತಾರೊ ಗೂಳಿಯ ಬದಲು ಅಣ್ಣನನ್ನು ಹಿಡಿದುಕೊಂಡು ಬಂದ. ಹಸಿ ಹಾಲು ತನ್ನ ಕೆಲಸ ಮಾಡಿತ್ತು. ಪರಸ್ಥಳದಲ್ಲಿದ್ದಾಗ ಸಿಕ್ಕಿದ್ದನ್ನು ತಿಂದವನು ಮೈ ಶುದ್ಧವಾಗುವತನಕ ಹಟ್ಟಿಯ ಹಾಲು ಮುಟ್ಟದಿದ್ದರೆ ದೋಷವಿಲ್ಲವೆಂಬುದು ಹಳೆಯ ಕಟ್ಟಳೆ. ಆ ಕಟ್ಟಳೆಯಂತೆ ಕಜೂರ ತನ್ನ ಹೆಂಡತಿಯ ಮನೆಗೆ ಪರಸ್ಥಳದವನಾಗಿ ಬಂದಿದ್ದ.

ಆರು ವಾರ ಅವನು ಮಾತ್ರೆ ನುಂಗಿ ಕಾಯಿಸಿದ ಹಾಲು ಕುಡಿದ. ಮೊದಲ ದಿನ ಕೊಡದೊಳಗೆ ಇಣುಕಿ ಹಿಂದೆ ಸರಿದ.

"ಇದೇನೇ? ಹಾಲಿಗೆ ಚರ್ಮ ಬಂದಿದೆ!"

"ಕೆನೆ ಅದು. ತೆಗೆದು ಪಕ್ಕಕ್ಕಿಡಿ."

"ಸತ್ತದ್ದರ ಚರ್ಮ ಸುಲಿಯೋದು ಗೊತ್ತು. ಹಾಲಿನ ಚರ್ಮ ಸುಲಿಯೋದು ನಿನ್ನ ಮನೇಲೇ ನೋಡಿದ್ದು."

ಅದನ್ನು ಬೆರಳಿನಿಂದೆತ್ತಿ ನಾಯಿಗೆ ಹಾಕಿದ. ನಾಲ್ಕನೆಯ ವಾರದಲ್ಲಿ ನಾಯಿ ಬಾಲ ಆಡಿಸುತ್ತ ಕಾದು ಕಾದು ಹಿಂದಿರುಗುವುದನ್ನು ಕೆನ್ಯಾಂಗಿ ಗಮನಿಸಿದಳು.

ಗುಣವಾದ ಮೇಲೆ ಅವನು ಹೋದ. ಹಸುಗಳಿದ್ದವಲ್ಲ. ೧೯೬೭ರ ಆಗಸ್ಟಿನಲ್ಲಿ ತಿರುಗಿ ಬಂದ, ಗುಣವಾಗಿ ಹೋದ. ೧೯೭೦ರ ಜನವರಿಯಲ್ಲಿ ಮತ್ತೆ. ಒಂದೊಂದು ಸಲವೂ ಬೆನ್ನು ಇನ್ನಷ್ಟು ಬಗ್ಗಿರುತ್ತಿತ್ತು. ಈ ನಡುವಿನ ವರ್ಷಗಳಲ್ಲಿ ಕೆನ್ಯಾಂಗಿಯೊಳಗೆ ಒಂದು ಕೆಟ್ಟ ಸಂಗತಿ ಬೆಳೆಯಿತು. ಸಂಜೆ ಎದುರು ಗುಡ್ಡದಲ್ಲಿ ಅವನು ನೆಟ್ಟಗೆ ನಡೆಯುವುದನ್ನು ಕಂಡರೆ ಅವಳ ಮುಖ ಬಾಡುತ್ತಿತ್ತು. ಕೋಲೂರಿ ನಿಂತು ಸುಧಾರಿಸಿಕೊಳ್ಳುವುದನ್ನು ಕಂಡರೆ ಕೈ ತಾನಾಗಿಯೇ ಅವನ ಚಾಪೆಯನ್ನು ಕೊಡವುತ್ತಿತ್ತು. ಇದನ್ನು ಅವಳು ಬಹಳ ಕಾಲದ ಮೇಲೆ ಕೆಬಿರುಂಗಿಯೊಬ್ಬಳಿಗೆ ಹೇಳಿದಳು. "ಯಾರನ್ನ ಬದುಕಿಸಬೇಕು ಅಂತ ಈ ಗುಡ್ಡ ಹತ್ತಿದ್ನೋ ಅವರ ಜ್ವರಾನೇ ದಾರಿ ಕಾಯೋ ಹಾಗಾಯ್ತಲ್ಲೆ," ಎಂದಳಂತೆ.

೧೯೭೦ನೆಯ ಇಸವಿ ಮಾರ್ಚ್ ೩ನೆಯ ತಾರೀಖು, ಮಂಗಳವಾರ, ಅವನು ಹೊರಡಲು ಕೋಲು ತೆಗೆದುಕೊಂಡಾಗ ಅವಳು ಬಾಗಿಲಿಗೆ ಬಂದಳು.

"ಒಂದು ಮಾತು. ಇನ್ನು ಮೇಲೆ ಜ್ವರ ಹೊತ್ಕೊಂಡು ಇಲ್ಲಿಗೆ ಬರಬೇಡಿ."

"ಮತ್ತೆ ಎಲ್ಲಿಗೆ ಹೊತ್ಕೊಂಡು ಹೋಗ್ಲಿ? ನೀರಿಗಾ?"

"ಬರೋದಾದ್ರೆ ಚೆನ್ನಾಗಿದ್ದಾಗ ಬನ್ನಿ. ಯಾರೂ ಹಿಡ್ಕೊಳ್ಳದೆ, ನಿಮ್ಮ ಕಾಲಲ್ಲೇ ನಡೆದು ಬನ್ನಿ. ಇಲ್ಲಾಂದ್ರೆ ಬರಲೇಬೇಡಿ. ನಾನು ಔಷಧಾಲಯ ಅಲ್ಲ."

ಚೆನ್ನಾಗಿರುವ ಗಂಡಸು ಕಾಯಿಸಿದ ಹಾಲು ಕುಡಿಯಲು ಯಾವ ಕಟ್ಟಳೆಯಲ್ಲಿಯೂ ದಾರಿಯಿಲ್ಲ. ಕುಡಿದರೆ ಅವನಿಗೆ ಹಟ್ಟಿಯಿಲ್ಲ. ಅವಳು ಕೇಳಿದ್ದು ಅದನ್ನೇ ಎಂಬುದು ಇಬ್ಬರಿಗೂ ತಿಳಿದಿತ್ತು. ಅವನು ಕೋಲೂರಿಕೊಂಡು ಇಳಿದುಹೋದ.

ಆ ವರ್ಷ ಅವನು ಬರಲಿಲ್ಲ. ಮರು ವರ್ಷ ಬೇಸಿಗೆಯಲ್ಲಿ ಹಸುಗಳ ಹಿಂದೆ ರುತಾರೊ ಒಬ್ಬನೇ ಕಾಣಿಸತೊಡಗಿದ. ಗೂಳಿಯ ನೆಪದಲ್ಲಿ ಅವನು ಬಂದಾಗ ಕೆನ್ಯಾಂಗಿ ಬಾಗಿಲಿನಿಂದಲೇ ಕೇಳಿದಳು.

"ಎಲ್ಲಿ ನಿಮ್ಮಣ್ಣ?"

"ಮಲಗಿದ್ದಾನೆ. ಎತ್ಕೊಂಡು ಬರ್ತೀನಿ ನಡಿ ಅಂದ್ರೆ ಒದೀತಾನೆ. 'ನಡೆದು ಬಾ ಅಂದಿದ್ದಾಳೆ, ನಡೆಯೋಕಾದ ದಿನ ಹೋಗ್ತೀನಿ' ಅಂತಾನೆ. ಅತ್ತಿಗೆ, ನೀನಾದ್ರೂ ಒಂದು ಮಾತು ಹೇಳಿ ಕಳಿಸು."

"ಹೇಳು ಹೋಗು. ಹೇಗಾದ್ರೂ ಬರಲಿ ಅಂತ ಹೇಳು. ನಾನು ಅಂದದ್ದು ಮರೆತುಬಿಡಲಿ ಅಂತ ಹೇಳು."

ರುತಾರೊ ಹೇಳಿದ. "ಅವಳು ಅಂದದ್ದು ಸರಿಯಾಗೇ ಇತ್ತು," ಎಂದನಂತೆ ಕಜೂರ, ಗೋಡೆಯ ಕಡೆ ತಿರುಗಿಕೊಂಡು. ಅವಳೇ ಎದುರು ಗುಡ್ಡಕ್ಕೆ ಹೋಗೋಣವೆಂದರೆ ಅವಳು ಹಟ್ಟಿಯ ಬೇಲಿ ದಾಟುವಂತಿರಲಿಲ್ಲ. ಎರಡು ಸಲ ಹೋಗಿ ಬೇಲಿಯ ಹೊರಗೆ ನಿಂತಳು. ಎರಡು ಸಲವೂ ಅವನು ನಿದ್ದೆ ಮಾಡುತ್ತಿದ್ದಾನೆಂದು ಕೆಬಿರುಂಗಿ ಬಂದು ಹೇಳಿದಳು. ಕೆಬಿರುಂಗಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಮುಖವೇ ನಿಜ ಹೇಳುತ್ತಿತ್ತು.

೧೯೭೧ನೆಯ ಇಸವಿ ನವೆಂಬರ್ ೧೭ನೆಯ ತಾರೀಖು, ಬುಧವಾರ. ಸಣ್ಣ ಮಳೆಗಾಲ, ನಸುಕಿನಿಂದ ಜಿನುಗು ಮಳೆ, ಎದುರು ಗುಡ್ಡವೇ ಕಾಣದಷ್ಟು ಮಂಜು. ಹೊತ್ತು ಏರಿದ ಮೇಲೆ ಕೆನ್ಯಾಂಗಿ ಸಗಣಿ ಎತ್ತುತ್ತಿದ್ದಾಗ ಕಟ್ಟೆ ದಾರಿಯಲ್ಲಿ ಕೋಲಿನ ಸದ್ದಾಯಿತು. ಕಜೂರ ಒಬ್ಬನೇ ಬರುತ್ತಿದ್ದ. ಅವನನ್ನು ಯಾರೂ ಹಿಡಿದಿರಲಿಲ್ಲ. ಅಂಗಳದವರೆಗೆ ಬಂದು, ಬೆನ್ನನ್ನು ಸಾಧ್ಯವಾದಷ್ಟು ನೆಟ್ಟಗೆ ಮಾಡಿಕೊಂಡು ನಿಂತ.

"ನಡೆದು ಬಂದೆ, ನೋಡು."

"ನೋಡಿದೆ."

"ಜ್ವರ ಗಿರ ಏನೂ ಇಲ್ಲ. ಚೆನ್ನಾಗಿದ್ದೀನಿ."

ಅವಳು ಹತ್ತಿರ ಹೋಗಿ ಕೋಲನ್ನು ತೆಗೆದುಕೊಳ್ಳುವಾಗ ಅವನ ಕೈ ತಗುಲಿತು. ಒಲೆಯಿಂದ ಈಗತಾನೆ ಇಳಿಸಿದ ಡಬ್ಬದಂತೆ ಸುಡುತ್ತಿತ್ತು. ಮಳೆಯ ನೀರು ಅವನ ಹಣೆಯಿಂದ ಇಳಿಯುತ್ತಿತ್ತು.

"ಬಿಸಿಲಲ್ಲಿ ಬಂದಿದ್ದೀರಿ," ಎಂದಳು ಕೆನ್ಯಾಂಗಿ. "ಅದಕ್ಕೇ ಮೈ ಬೆಚ್ಚಗಿದೆ. ಒಳಗೆ ಬನ್ನಿ."

"ಹೌದು, ಬಿಸಿಲು ಜೋರಾಗಿತ್ತು," ಎಂದ ಅವನು.

ಒಳಗೆ ಕುಳಿತ ಮೇಲೆ ಹೇಳಿದ: "ಹಟ್ಟಿನ ರುತಾರೊಗೆ ಒಪ್ಪಿಸಿ ಬಂದಿದ್ದೀನಿ. ಹಿರಿಯರ ಎದುರಿಗೇ. ಚೆನ್ನಾಗಿದ್ದೀನಿ, ಆದ್ರೂ ಅವಳ ಹಾಲು ಕುಡೀತೀನಿ ಅಂತ ಹೇಳಿಯೇ ಬಂದೆ."

"ಏನಂದ್ರು?"

"ಏನಂತಾರೆ? ನಾಯಿಗೆ ಒಬ್ಬ ಜೊತೆಗಾರ ಸಿಕ್ಕಿದ ಅಂದ್ರು."

ಅವಳು ಹಾಲು ಕಾಯಿಸಿದಳು. ಅವನು ಕೊಡವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು, ಸ್ವಲ್ಪ ಹೊತ್ತು ಮೂಗನ್ನು ಅದರ ಬಾಯಲ್ಲಿಯೇ ಇಟ್ಟುಕೊಂಡಿದ್ದ. ಮರುದಿನ ಅವಳು ಔಷಧಾಲಯಕ್ಕೆ ಹೋಗಿ ಬೈಂಗಾನನನ್ನು ಕರೆತಂದಳು. ಅವನು ಎದೆಗೆ ಕಿವಿಗೊಟ್ಟು ಆಲಿಸಿ, ಬೇನೆ ಹೃದಯಕ್ಕೆ ಇಳಿದಿದೆ, ಎಂಬರಾರಕ್ಕೆ ಒಯ್ಯಬೇಕೆಂದ. ಕಜೂರ ಒಪ್ಪಲಿಲ್ಲ. "ಚೆನ್ನಾಗಿರೋನನ್ನ ಯಾಕಯ್ಯ ಆಸ್ಪತ್ರೆಗೆ ಹಾಕ್ತೀಯ?" ಎಂದ.

ಕಜೂರ ೧೯೭೧ನೆಯ ಇಸವಿ ಡಿಸೆಂಬರ್ ೯ನೆಯ ತಾರೀಖು, ಗುರುವಾರ, ಮಧ್ಯಾಹ್ನ ತೀರಿಕೊಂಡ. ಮನೆಯ ಯಜಮಾನನನ್ನು ಹಟ್ಟಿಯೊಳಗೆ ಹೂಳುವುದು ಪದ್ಧತಿ. ಅವನಿಗೆ ಹಟ್ಟಿ ಇರಲಿಲ್ಲವಾದ್ದರಿಂದ ಆಚೆ ಗುಡ್ಡದ ಗುಡಿಸಲಿನ ಪಕ್ಕದಲ್ಲಿ ಹೂಳಿದರು. ರುತಾರೊ ಮತ್ತು ಬೈಂಗಾನ ಗುಂಡಿ ತೋಡಿದರು. ಹಿರಿಯರಲ್ಲಿ ಯಾರೂ ಬರಲಿಲ್ಲ.

ಹೆಸರಿಲ್ಲದ ಹಸು ೧೯೭೬ರಲ್ಲಿ ಸತ್ತಿತು. ಅದರ ಮಗಳಿಗೂ ಕೆನ್ಯಾಂಗಿ ಹೆಸರಿಡಲಿಲ್ಲ. ೧೯೮೪ನೆಯ ಇಸವಿಯಲ್ಲಿ ಪಶುವೈದ್ಯ ಇಲಾಖೆಯವರು ಆ ಭಾಗದ ದನಗಳ ರಕ್ತ ಪರೀಕ್ಷೆ ಮಾಡಿದಾಗ ರುತಾರೊನ ಹಟ್ಟಿಯ ಹಲವು ಹಸುಗಳಲ್ಲಿ ಬೇನೆಯಿತ್ತು, ಅವನ್ನು ಬೇರ್ಪಡಿಸಿದರು. ರುತಾರೊ ಕೊನೆಯವರೆಗೂ ಹಸಿ ಹಾಲನ್ನೇ ಕುಡಿದ. ಅವನಿಗೆ ಆ ಜ್ವರ ಬರಲಿಲ್ಲ. ಕೆಬಿರುಂಗಿಯ ಸೊಸೆಯರು ಈಗ ಹಾಲು ಕಾಯಿಸುತ್ತಾರೆ. ಕೆನ್ಯಾಂಗಿಯನ್ನು ಹಟ್ಟಿಗೆ ಮರಳಿ ಬರುವಂತೆ ೧೯೮೬ರಲ್ಲಿ ಕರೆದರು. ಅವಳು ಹೋಗಲಿಲ್ಲ. ೧೯೯೧ನೆಯ ಇಸವಿ ಮೇ ತಿಂಗಳ ೧೪ನೆಯ ತಾರೀಖು, ಮಂಗಳವಾರ, ಅದೇ ಗುಡಿಸಲಿನಲ್ಲಿ ತೀರಿಕೊಂಡಳು. ಅಂದು ಮಳೆಯಿರಲಿಲ್ಲ.